ಕಟ್ಟಲು ಕಾಸಿದೆ, ನಡೆಸಲು ಇಲ್ಲ: ಊರಿನ ಖರ್ಚು ಮತ್ತು ಮನೆ ಕಂದಾಯ

(ಪುರಸಭೆಗಳ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತರಾದವರೊಬ್ಬರು ಊರಿನ ನಿವಾಸಿಗಳ ಸಭೆಯಲ್ಲಿ ಮಾತನಾಡಿದ್ದರ ಬರಹ ರೂಪ)

ನಿಮ್ಮಲ್ಲಿ ಹೆಚ್ಚಿನವರು ಏಪ್ರಿಲ್‌ನಲ್ಲೇ ಮನೆ ಕಂದಾಯ ಕಟ್ಟಿರುತ್ತೀರಿ. ಶೇ 5ರ ರಿಯಾಯಿತಿಯನ್ನು ಯಾರು ಬಿಡುತ್ತಾರೆ? ಆದರೆ ಕಟ್ಟಿದ ಚಲನನ್ನು ಬೀರುವಿಗೆ ಸೇರಿಸುವ ಮೊದಲು ಓದಿದವರು ಎಷ್ಟು ಮಂದಿ, ಕೈ ಎತ್ತಿ ನೋಡೋಣ. ಐದಾರು ಕೈಗಳು ಕಾಣುತ್ತಿವೆ. ಸಂತೋಷ, ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ.

ಆ ಚಲನಿನಲ್ಲಿ ಆಸ್ತಿ ತೆರಿಗೆಯ ಜೊತೆಗೆ ಇನ್ನೂ ಮೂರು ಬಾಬ್ತುಗಳಿರುತ್ತವೆ. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಒಟ್ಟು ಶೇ 24. ತೆರಿಗೆ ಸಾವಿರ ರೂಪಾಯಿಯಾದರೆ ನೀವು ಕಟ್ಟುವುದು 1,240. ಮೇಲಿನ 240 ರೂಪಾಯಿ ಪುರಸಭೆಯ ದುಡ್ಡಲ್ಲ. ವಸೂಲಿ ಮಾಡಿಕೊಡುವ ಕೆಲಸ ಮಾತ್ರ ಅದರದ್ದು. ಗ್ರಂಥಾಲಯ ಕರ ಗ್ರಂಥಾಲಯದವರಿಗೆ ಹೋಗಬೇಕು. ಭಿಕ್ಷುಕರ ಕರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು, ಅದು ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸುವ ಕೇಂದ್ರ ಪರಿಹಾರ ಸಮಿತಿಗೆ ಸೇರಬೇಕು. ಆದರೆ ತಿಂಗಳ ಕೊನೆಗೆ ಡೀಸೆಲ್ ಬಂಕಿನವರು ಹಳೆಯ ಬಾಕಿ ಕೇಳಿಕೊಂಡು ಬಂದು ಕೂತಾಗ ಖಾತೆಯಲ್ಲಿ ಎದ್ದು ಕಾಣುವುದು ಇದೇ ದುಡ್ಡು. ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಕರ ಬಾಕಿ ಉಳಿಸಿಕೊಂಡ ಸುದ್ದಿ ವರ್ಷಕ್ಕೊಮ್ಮೆಯಾದರೂ ಪತ್ರಿಕೆಯಲ್ಲಿ ಬರುತ್ತದಲ್ಲ, ಅದರ ಹಿಂದೆ ಎಲ್ಲ ಸಲವೂ ಕಳ್ಳತನವೇ ಇರಬೇಕೆಂದಿಲ್ಲ. ಬಹಳ ಸಲ ಇರುವುದು ಡೀಸೆಲ್.

ಇನ್ನು ನೀವು ಕಟ್ಟುವ ಮೊತ್ತದ ಲೆಕ್ಕ. ಸುಲಭವಾಗಲೆಂದು ಅಂಕಿಗಳನ್ನು ನಾನೇ ಇಟ್ಟುಕೊಳ್ಳುತ್ತೇನೆ. ಮೂವತ್ತು-ನಲವತ್ತರ ನಿವೇಶನ, ಚದರಡಿಗೆ ಸಾವಿರ ರೂಪಾಯಿ ಮಾರ್ಗಸೂಚಿ ದರ, ಅಂದರೆ ನೋಂದಣಿಗೆಂದು ಸರ್ಕಾರ ಗೊತ್ತು ಮಾಡಿದ ಬೆಲೆ. ನಿವೇಶನದ ಬೆಲೆ 12 ಲಕ್ಷವಾಯಿತು. ಅದರ ಮೇಲಿನ ಮನೆಗೆ ಸವಕಳಿ ಕಳೆದು 8 ಲಕ್ಷ. ಒಟ್ಟು 20 ಲಕ್ಷ. ತೆರಿಗೆ ಹಾಕುವಾಗ ಇಷ್ಟನ್ನೂ ಹಿಡಿಯುವುದಿಲ್ಲ, ಒಂದು ಪಾಲನ್ನು ಮಾತ್ರ ಹಿಡಿಯುತ್ತಾರೆ. ಕಾಲು ಭಾಗ ಎಂದುಕೊಳ್ಳಿ, 5 ಲಕ್ಷ. ಅದರ ಮೇಲೆ ಶೇ ಅರ್ಧದಷ್ಟು ದರ ಹಾಕಿದರೆ 2,500 ರೂಪಾಯಿ. ಕರಗಳು ಸೇರಿ 3,100. ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತವೇ ಆರು ಸಾವಿರ ಲೀಟರಿನ ಟ್ಯಾಂಕರಿಗೆ, ಐದು ಕಿಲೋಮೀಟರ್ ಒಳಗಾದರೆ, 600 ರೂಪಾಯಿ ದರ ಕಟ್ಟಿತು. ಆ ಲೆಕ್ಕದಲ್ಲಿ ಐದು ಟ್ಯಾಂಕರ್ ನೀರಿಗೆ ಒಂದು ವರ್ಷದ ಕಂದಾಯ ಮುಗಿಯಿತು. ನೀರಿನ ಕರ ಬೇರೆ ಇದೆಯಲ್ಲ ಎನ್ನುತ್ತೀರಿ, ಇದೆ. ಅದಕ್ಕೆ ಬರುತ್ತೇನೆ. ಕಂದಾಯ ಕಡಿಮೆಯಿದೆ, ಸುಮ್ಮನೆ ಕಟ್ಟಿ ಎಂದು ಹೇಳುವುದಕ್ಕಂತೂ ನಾನು ಬಂದಿಲ್ಲ.

ದುಡ್ಡು ಎಲ್ಲಿ ಹೋಗುತ್ತದೆ ಎಂದು ತಿಳಿಯಬೇಕಾದರೆ ನೀರನ್ನೇ ಹಿಡಿದು ಹೊರಡಬೇಕು. ನಮ್ಮಂಥ ಊರಿಗೆ ನೀರು ಬರುವುದು ಹೊಳೆಯಿಂದ. ದಡದಲ್ಲೊಂದು ಜಾಕ್‌ವೆಲ್ (ಹೊಳೆಯ ನೀರು ತುಂಬಿಕೊಂಡು ಪಂಪ್ ಮಾಡುವ ಬಾವಿ), ಅಲ್ಲಿಂದ ಏರು ಕೊಳವೆ, ಶುದ್ಧೀಕರಣ ಘಟಕ, ಓವರ್‌ಹೆಡ್ ಟ್ಯಾಂಕ್, ಆಮೇಲೆ ನಿಮ್ಮ ಬೀದಿಯ ವಾಲ್ವ್. ಇಷ್ಟನ್ನೂ ಕಟ್ಟಿದ್ದು ಯಾವುದೋ ಯೋಜನೆಯ ಹಣದಲ್ಲಿ. ಉದ್ಘಾಟನೆಯ ಕಲ್ಲಿನ ಮೇಲೆ ಶಾಸಕರ ಹೆಸರಿದೆ, ಮಂತ್ರಿಗಳ ಹೆಸರಿದೆ. ಕರೆಂಟ್ ಬಿಲ್ ಮಾತ್ರ ಪುರಸಭೆಯ ಮುಖ್ಯಾಧಿಕಾರಿಯ ಹೆಸರಿಗೆ ಬರುತ್ತದೆ. ಎರಡು ಪಂಪು ಇರುತ್ತವೆ, ಒಂದು ಓಡುವುದು, ಇನ್ನೊಂದು ಸ್ಟ್ಯಾಂಡ್‌ಬೈ. ವೋಲ್ಟೇಜ್ ಏರುಪೇರಾಗಿ ಓಡುತ್ತಿದ್ದ ಮೋಟಾರಿನ ವೈಂಡಿಂಗ್ ಸುಡುತ್ತದೆ. ಸ್ಟ್ಯಾಂಡ್‌ಬೈ ಇದೆಯಲ್ಲ, ನೀರೇನೂ ನಿಲ್ಲುವುದಿಲ್ಲ. ಸುಟ್ಟ ಮೋಟಾರನ್ನು ಬಿಚ್ಚಿ, ಟೆಂಪೋಕ್ಕೆ ಏರಿಸಿ, ಜಿಲ್ಲಾ ಕೇಂದ್ರದ ವರ್ಕ್‌ಶಾಪಿಗೆ ಕಳಿಸಬೇಕು. ಅದಕ್ಕೊಂದು ಅಂದಾಜು ಪಟ್ಟಿ, ಒಂದು ದರಪಟ್ಟಿ, ಒಂದು ಮಂಜೂರಾತಿ. ಮೊದಲಿನ ಬಿಲ್ಲು ಚುಕ್ತಾ ಆಗದೆ ವರ್ಕ್‌ಶಾಪಿನವರು ಕೈ ಹಚ್ಚುವುದಿಲ್ಲ. ಹೀಗೆ ಎರಡು ತಿಂಗಳು ಕಳೆಯುತ್ತದೆ. ಅಷ್ಟರಲ್ಲಿ ಸ್ಟ್ಯಾಂಡ್‌ಬೈ ಸುಡುತ್ತದೆ. ಆ ದಿನ ಊರಿಗೆ ನೀರಿಲ್ಲ, ಖಾಲಿ ಕೊಡ ಹಿಡಿದು ಪುರಸಭೆಯ ಮುಂದೆ ಧರಣಿ, ಮರುದಿನ ಟ್ಯಾಂಕರಿಗೆ ತುರ್ತು ಮಂಜೂರಾತಿ. ರಿಪೇರಿಗೆ ಇಲ್ಲದ ಕಾಸು ಟ್ಯಾಂಕರಿಗೆ ಹುಟ್ಟುತ್ತದೆ! ಒಂದೇ ಪುರಸಭೆಯ ಕಥೆಯಾಗಿದ್ದರೆ ನಾನು ಹೇಳುತ್ತಿರಲಿಲ್ಲ. ನಾನು ಕೆಲಸ ಮಾಡಿದ ಕಡೆಯೆಲ್ಲ ಇದನ್ನೇ ಕಂಡಿದ್ದೇನೆ.

ಊರಿನ ಆಡಳಿತದ ಖರ್ಚಿನಲ್ಲಿ ದೊಡ್ಡ ತೊಡಕು ಇರುವುದು ಇಲ್ಲೇ. ಕಟ್ಟುವುದಕ್ಕೆ ಮೇಲಿನಿಂದ ಹಣ ಬರುತ್ತದೆ, ಕಟ್ಟಿದ್ದನ್ನು ದಿನದಿನವೂ ನಡೆಸುವುದಕ್ಕೆ ಬರುವುದಿಲ್ಲ. ಮದುವೆಯನ್ನು ಮಾವ ಮಾಡಿಕೊಟ್ಟರು, ಸಂಸಾರ ನೀವೇ ತೂಗಿಸಬೇಕು. ಉದ್ಯಾನವನಕ್ಕೆ ಅನುದಾನ ಬಂತು, ಕಾವಲುಗಾರನಿಗೆ ಬರಲಿಲ್ಲ. ಕಸದ ಆಟೋಗಳು ಬಂದವು, ಚಾಲಕನ ಸಂಬಳ ಬರಲಿಲ್ಲ. ಒಳಚರಂಡಿಗೆ ಕೋಟಿಗಟ್ಟಲೆ ಬಂತು, ಕೊಳಚೆ ನೀರು ಸೇರುವ ವೆಟ್‌ವೆಲ್‌ನ ಪಂಪಿಗೆ ಬೇಕಾದ ಕರೆಂಟಿಗೆ ಬರಲಿಲ್ಲ. ಖಾಯಂ ನೌಕರರ ಸಂಬಳವೇನೋ ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ಆಗುತ್ತದೆ. ವಿದ್ಯುತ್ತಿಗೂ ಒಂದಷ್ಟು ಬರುತ್ತದೆ. ಹಾಗೆ ಬಂದರೂ ಬೀದಿದೀಪ ಮತ್ತು ಕುಡಿಯುವ ನೀರಿನ ಸ್ಥಾವರಗಳ ಬಾಕಿಗಾಗಿ ವಿದ್ಯುತ್ ಕಂಪನಿಗಳು ಪಂಚಾಯಿತಿ, ಪುರಸಭೆಗಳ ಬೆನ್ನು ಬಿಟ್ಟಿಲ್ಲ. ಉಳಿದದ್ದೆಲ್ಲ ಸ್ವಂತ ನಿಧಿಯ ತಲೆಯ ಮೇಲೆ. ಹೊರಗುತ್ತಿಗೆಯ ವಾಲ್ವ್‌ಮನ್, ಕಂಪ್ಯೂಟರ್ ಮುಂದೆ ಕೂರುವ ಹುಡುಗಿ, ಡೀಸೆಲ್, ನೀರು ತಿಳಿಯಾಗಿಸುವ ಆಲಂ, ಬ್ಲೀಚಿಂಗ್ ಪೌಡರ್, ಕಿತ್ತುಹೋದ ಚರಂಡಿ ಚಪ್ಪಡಿ. ಕನಿಷ್ಠ ವೇತನ ಏರುತ್ತದೆ, ಡೀಸೆಲ್ ಏರುತ್ತದೆ, ವಿದ್ಯುತ್ ದರ ಏರುತ್ತದೆ. ಇದರಲ್ಲಿ ಒಂದನ್ನೂ ಪುರಸಭೆ ನಿಶ್ಚಯಿಸುವುದಿಲ್ಲ.

ದೊಡ್ಡ ಊರಿನವರದ್ದೇನೂ ಇದಕ್ಕಿಂತ ಭಿನ್ನವಲ್ಲ. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ ಮೇಲೆತ್ತಬೇಕು. ಜಲಮಂಡಳಿಯ ಖರ್ಚಿನಲ್ಲಿ ಕರೆಂಟಿನದೇ ಸಿಂಹಪಾಲು. ಹೀಗಿದ್ದೂ 2014ರಲ್ಲಿ ಏರಿಸಿದ ನೀರಿನ ದರವನ್ನು ಮತ್ತೆ ಮುಟ್ಟಿದ್ದು 2025ರ ಏಪ್ರಿಲ್‌ನಲ್ಲಿ. ನಡುವಿನ ಹನ್ನೊಂದು ವರ್ಷ ಕರೆಂಟಿನ ದರ ಇದ್ದಲ್ಲೇ ಇತ್ತೇ? ಯಾವ ಸರ್ಕಾರವೂ ಚುನಾವಣೆಯ ಹಿಂದೆ-ಮುಂದೆ ದರ ಮುಟ್ಟುವುದಿಲ್ಲ, ಮತ್ತು ನಮ್ಮಲ್ಲಿ ಯಾವುದಾದರೊಂದು ಚುನಾವಣೆ ಇಲ್ಲದ ವರ್ಷವೇ ಇಲ್ಲ.

ಸ್ವಂತ ಆದಾಯ ಅಂದರೆ ಮನೆ ಕಂದಾಯ ಒಂದೇನಾ ಎಂದು ಕೇಳಬಹುದು. ಹಿಂದೆ ಹೀಗಿರಲಿಲ್ಲ. ಇಲ್ಲಿ ಕೂತಿರುವ ಹಿರಿಯರಿಗೆ ಊರ ಬಾಗಿಲಿನ ಆಕ್ಟ್ರಾಯ್ ನಾಕಾ ನೆನಪಿರಬಹುದು. ಗಾಡಿ ನಿಲ್ಲಿಸಿ, ಮೂಟೆ ಎಣಿಸಿ, ಚೀಟಿ ಹರಿಯುತ್ತಿದ್ದರು. ಲಂಚದ ಗೂಡಾಗಿತ್ತು, 1979ರಲ್ಲಿ ಕರ್ನಾಟಕ ಅದನ್ನು ರದ್ದು ಮಾಡಿತು. ಮಾಡಿದ್ದು ಸರಿಯೇ. ಆದರೆ ಊರಿನ ವ್ಯಾಪಾರ ಬೆಳೆದಂತೆ ತಾನೂ ಬೆಳೆಯುತ್ತಿದ್ದ ಆದಾಯ ಅದರೊಂದಿಗೆ ಹೋಯಿತು, ಬದಲಿಗೆ ಬಂದದ್ದು ಅನುದಾನ. 2017ರಲ್ಲಿ ಜಿಎಸ್‌ಟಿ ಬಂದು ಜಾಹೀರಾತು ತೆರಿಗೆಯನ್ನೂ ನುಂಗಿತು. ಈಗ ಉಳಿದಿರುವುದು ಆಸ್ತಿ ತೆರಿಗೆ, ನೀರಿನ ಕರ, ಉದ್ದಿಮೆ ಪರವಾನಗಿ, ಮಳಿಗೆ ಬಾಡಿಗೆ, ಸಂತೆ ಸುಂಕ. ದೇಶದ ಎಲ್ಲ ಪಾಲಿಕೆ, ಪುರಸಭೆಗಳ ಆದಾಯ ಸೇರಿದರೂ ರಾಷ್ಟ್ರೀಯ ಉತ್ಪನ್ನದ ಶೇ 1ರ ಆಸುಪಾಸಿನಲ್ಲೇ ವರ್ಷಗಳಿಂದ ನಿಂತಿದೆ ಎಂದು ರಿಸರ್ವ್ ಬ್ಯಾಂಕ್ 2022ರ ವರದಿಯಲ್ಲಿ ಹೇಳಿತು. ಬ್ರೆಜಿಲ್‌ನಲ್ಲಿ ಇದು ಶೇ 7ಕ್ಕೂ ಹೆಚ್ಚು.

ಈಗ ಎಲ್ಲರೂ ಕಾಯುತ್ತಿರುವ ವಿಷಯ, ಏರಿಕೆ. ಹಿಂದೆ ನಮ್ಮ ಪುರಸಭೆಗಳಲ್ಲಿ ಮೂರು ವರ್ಷಕ್ಕೊಮ್ಮೆ ಶೇ 15ರಷ್ಟು ಏರಿಸುವ ಪದ್ಧತಿ ಇತ್ತು. 2021ರಲ್ಲಿ ಪುರಸಭೆ ಕಾಯ್ದೆಗೆ ಆದ ತಿದ್ದುಪಡಿಯ ನಂತರ ವರ್ಷಕ್ಕೆ ಶೇ 3ರಿಂದ 5. ಪ್ರತಿ ವರ್ಷವೂ ಏರಿಸುತ್ತಾರೆ ಎಂದು ಜನ ಬೈಯುತ್ತಾರೆ. ಪೆನ್ನು ಹಿಡಿದು ಲೆಕ್ಕ ಹಾಕಿ. ಶೇ 3ರಂತೆ ಮೂರು ವರ್ಷ ಏರಿದರೆ ನೂರು ರೂಪಾಯಿ 109 ರೂಪಾಯಿ 27 ಪೈಸೆಯಾಗುತ್ತದೆ. ಹಳೆಯ ಪದ್ಧತಿಯಲ್ಲಿ 115 ಆಗುತ್ತಿತ್ತು. ಅಂದರೆ ಕಡಿಮೆ ದರವನ್ನೇ ಆರಿಸಿಕೊಂಡ ಪುರಸಭೆಯಲ್ಲಿ ಏರಿಕೆ ಮೊದಲಿಗಿಂತ ಮಂದವಾಗಿದೆ. ಇತ್ತ ಸರ್ಕಾರಿ ನೌಕರರಿಗೆ 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದಂತೆ ಮೂಲವೇತನ ಶೇ 27.5 ಏರಿತು. ಪುರಸಭೆಗೆ ಕೆಲಸ ಮಾಡಿಕೊಡುವ ಗುತ್ತಿಗೆದಾರನೂ ತನ್ನ ದರವನ್ನು ವರ್ಷಕ್ಕೆ ಶೇ 3ಕ್ಕೆ ನಿಲ್ಲಿಸಿಕೊಳ್ಳುವುದಿಲ್ಲ. ಸಣ್ಣದಾಗಿ ವರ್ಷವರ್ಷ ಏರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಹತ್ತು ವರ್ಷ ಮುಟ್ಟದೆ ಬಿಟ್ಟು ಒಮ್ಮೆಲೇ ಹೇರಿದರೆ ಜನ ಬೀದಿಗಿಳಿಯುತ್ತಾರೆ, ಆದೇಶ ವಾಪಸಾಗುತ್ತದೆ, ಮತ್ತೆ ಹತ್ತು ವರ್ಷ.

ಆದರೆ ಇದರೊಳಗೆ ಒಂದು ಮುಳ್ಳಿದೆ, ಅದನ್ನು ಅಧಿಕಾರಿಗಳು ಹೇಳುವುದಿಲ್ಲ. ತೆರಿಗೆಯ ಬುಡ ಮಾರ್ಗಸೂಚಿ ದರ. ಅದನ್ನು ಗೊತ್ತು ಮಾಡುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆ, ಅದೂ ಆಸ್ತಿ ಮಾರುವವರಿಗೆ, ಕೊಳ್ಳುವವರಿಗೆ ಎಂದು. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಅದನ್ನು ಪರಿಷ್ಕರಿಸಿದರು. ಬೈಪಾಸ್ ಬಂತು, ಬಡಾವಣೆ ಬಂತು, ನಿಮ್ಮ ಬೀದಿಯ ದರ ಏರಿತು. ಮಾರುವವನಿಗೆ ಲಾಭ, ಸರಿ. ಆದರೆ ಅಪ್ಪ ಕಟ್ಟಿಸಿದ ಮನೆಯಲ್ಲಿ ಪಿಂಚಣಿಯ ಮೇಲೆ ಬದುಕುತ್ತಿರುವ ಅಜ್ಜಿ ಮನೆ ಮಾರುವವರಲ್ಲ. ಅವರ ಆಸ್ತಿ ಕಾಗದದ ಮೇಲೆ ಬೆಳೆದಿದೆ, ಕೈಗೆ ಬರುವ ದುಡ್ಡು ಇದ್ದಷ್ಟೇ ಇದೆ. ಬೆಂಗಳೂರಿನಲ್ಲಿ 2008ರಿಂದ ಇರುವ ಪ್ರದೇಶವಾರು ಘಟಕ ದರದ (ಪ್ರದೇಶಕ್ಕೆ ತಕ್ಕಂತೆ ಚದರಡಿಗೆ ಇಷ್ಟೆಂದು ತೆರಿಗೆ ಲೆಕ್ಕ ಹಾಕುವ) ಪದ್ಧತಿಯನ್ನು ಬಿಟ್ಟು ಮಾರ್ಗಸೂಚಿ ದರಕ್ಕೆ ಹೋಗುತ್ತೇವೆಂದು 2024ರ ಏಪ್ರಿಲ್‌ಗೆ ದಿನ ಗೊತ್ತು ಮಾಡಿದ್ದರು. ಗದ್ದಲವೆದ್ದು ಕೈಬಿಟ್ಟರು. ಆಗ ಆ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ, 2020ರ ಸೆಪ್ಟೆಂಬರ್‌ಗೇ ಅವಧಿ ಮುಗಿದಿತ್ತು. ತೆರಿಗೆ ಏರಿಸಿದವನನ್ನು ಮುಂದಿನ ಸಲ ಸೋಲಿಸುವ ಹಕ್ಕು ಜನರ ಕೈಯಲ್ಲಿ ಇಲ್ಲದಿರುವಾಗ ಏರಿಕೆ ನ್ಯಾಯವಾಗಿದ್ದರೂ ಒಪ್ಪಿಸುವುದು ಕಷ್ಟ. ಸಣ್ಣ ಊರುಗಳಲ್ಲೂ ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ ಆಡಳಿತಾಧಿಕಾರಿಯೇ ಆಳಿದ್ದನ್ನು ನೋಡಿದ್ದೇವೆ.

ಮೇಲಿನಿಂದಲೂ ಒತ್ತಡವಿದೆ. ಕೇಂದ್ರದ ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ದೇಶದ ನಗರ ಸಂಸ್ಥೆಗಳಿಗೆ 1,21,055 ಕೋಟಿ ರೂಪಾಯಿ ಶಿಫಾರಸು ಮಾಡುವಾಗ ಒಂದು ಷರತ್ತು ಇಟ್ಟಿತು. ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತು ಮಾಡಬೇಕು, ವಸೂಲಿಯು ರಾಜ್ಯದ ಉತ್ಪನ್ನ ಬೆಳೆದ ವೇಗದಲ್ಲೇ ಬೆಳೆಯಬೇಕು. ಹಾಗಾಗಿ ಮುಖ್ಯಾಧಿಕಾರಿ ಜನವರಿಯಿಂದ ಮಾರ್ಚ್‌ವರೆಗೆ ಬಿಲ್ ಕಲೆಕ್ಟರುಗಳನ್ನು ಅಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ಅಟ್ಟುವುದು ಯಾರ ಮನೆಗೆ? ನನಗೆ ಸಿಟ್ಟು ಬರುವುದು ಇಲ್ಲಿ. ಪುರಸಭೆಯಲ್ಲಿ ಡಿಸಿಬಿ ಎಂಬ ತಖ್ತೆ ಇರುತ್ತದೆ. ಬೇಡಿಕೆ, ವಸೂಲಿ, ಬಾಕಿ. ಶೇ 90 ವಸೂಲಿ ಎಂದು ಸಭೆಯಲ್ಲಿ ಬೀಗುತ್ತಾರೆ. ಯಾವುದರ ಶೇ 90? ಬೇಡಿಕೆಯ ಪಟ್ಟಿಯಲ್ಲಿ ಇರುವುದರ ಶೇ 90. ಪಟ್ಟಿಯಲ್ಲೇ ಇಲ್ಲದ ಮನೆ ಬಾಕಿಯೂ ಅಲ್ಲ, ವಸೂಲಿಯೂ ಅಲ್ಲ. ನೆಲಮಹಡಿ ಎಂದು ದಾಖಲಾಗಿ ಈಗ ಮೂರು ಮಹಡಿಯಾಗಿರುವುದು, ವಾಸದ ಮನೆ ಎಂದು ಬರೆಸಿ ಕೆಳಗೆ ನಾಲ್ಕು ಅಂಗಡಿ ನಡೆಯುತ್ತಿರುವುದು, ಕಂದಾಯ ನಿವೇಶನದಲ್ಲಿ, ಅಂದರೆ ಮಂಜೂರಾತಿ ಇಲ್ಲದೆ ಹೊಲವನ್ನು ಸೀಳಿ ಮಾರಿದ ಜಾಗದಲ್ಲಿ, ಎದ್ದ ಇಡೀ ಬಡಾವಣೆ, ಇವೆಲ್ಲ ಪಟ್ಟಿಯ ಹೊರಗೆ. ಬೆಂಗಳೂರು ಮತ್ತು ಜೈಪುರ ತಮಗೆ ಸಿಗಬಹುದಾದ ಆಸ್ತಿ ತೆರಿಗೆಯಲ್ಲಿ ಶೇ 5ರಿಂದ 20ಕ್ಕಿಂತ ಹೆಚ್ಚು ಎತ್ತುತ್ತಿಲ್ಲ ಎಂದು ಕೇಂದ್ರದ 2016-17ರ ಆರ್ಥಿಕ ಸಮೀಕ್ಷೆ ಉಪಗ್ರಹದ ಚಿತ್ರಗಳನ್ನು ಇಟ್ಟುಕೊಂಡು ಅಂದಾಜಿಸಿತ್ತು. ಆಗಲೇ ಪಟ್ಟಿಯಲ್ಲಿರುವವರ ದರ ಏರಿಸುವುದು ಸುಲಭ, ಏಕೆಂದರೆ ಅವರ ವಿಳಾಸ ಗೊತ್ತಿದೆ. 2025ರಲ್ಲಿ ಬಿ-ಖಾತಾ ಅಭಿಯಾನ ಶುರುವಾಯಿತಲ್ಲ, 2024ರ ಸೆಪ್ಟೆಂಬರ್ 10ಕ್ಕೆ ಮೊದಲಿನ ಅನಧಿಕೃತ ಆಸ್ತಿಗಳಿಗೆ ಮೊದಲ ವರ್ಷ ದುಪ್ಪಟ್ಟು ತೆರಿಗೆ ಹಾಕಿ ಲೆಕ್ಕಕ್ಕೆ ತರುವ ಕೆಲಸ. ಅಕ್ರಮಕ್ಕೆ ಬಹುಮಾನ ಎಂದು ಹಲವರು ಬೈದರು. ಬೈಯಲಿ. ಆ ಮನೆಗಳ ಕಸವನ್ನು ನಮ್ಮ ಆಟೋ ಇಷ್ಟು ವರ್ಷ ಎತ್ತಿದೆ, ಅವರ ಬೀದಿಗೆ ದೀಪ ಹಾಕಿದೆ. ಖರ್ಚಿನ ಕಡೆ ಇದ್ದವರು ಆದಾಯದ ಕಡೆಗೂ ಬಂದರೆ ತಪ್ಪೇನು?

ಸರ್ಕಾರಿ ಕಚೇರಿಗಳದ್ದು ಇನ್ನೊಂದು ಕಥೆ. ಸಂವಿಧಾನದ 285ನೇ ವಿಧಿಯಂತೆ ಕೇಂದ್ರ ಸರ್ಕಾರದ ಆಸ್ತಿಗೆ ತೆರಿಗೆ ಹಾಕುವಂತಿಲ್ಲ. ಆದರೆ ಸೇವಾ ಶುಲ್ಕ ಕೊಡಬೇಕು. 2009ರಲ್ಲಿ ರಾಜ್‌ಕೋಟ್ ಪಾಲಿಕೆಯ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದಾಗ, ಸೇವೆ ಪೂರ್ತಿ ಪಡೆದರೆ ತೆರಿಗೆಯ ಶೇ 75, ಭಾಗಶಃ ಪಡೆದರೆ ಅರ್ಧ, ಏನೂ ಪಡೆಯದಿದ್ದರೂ ಮೂರನೇ ಒಂದು ಭಾಗ ಎಂದು ನಿಕ್ಕಿಯಾಯಿತು. ನಮ್ಮ ಊರಿನ ಅಂಚೆ ಕಚೇರಿ, ರೈಲ್ವೆ ವಸತಿಗೃಹಗಳಿಂದ ಇದನ್ನು ಕೇಳಿದ್ದಾರೆಯೇ ಎಂದು ಒಮ್ಮೆ ವಿಚಾರಿಸಿ. ಮಳಿಗೆಗಳದ್ದು ಹೇಳುವುದೇ ಬೇಡ. ಬಸ್ ನಿಲ್ದಾಣದ ಎದುರಿನ ಪುರಸಭೆ ಮಳಿಗೆಯ ಬಾಡಿಗೆ ಎಷ್ಟು, ಒಳಬಾಡಿಗೆ ಎಷ್ಟು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. (ನಗು)

ಶೇ 5ರ ರಿಯಾಯಿತಿಯ ಮಾತಿಗೆ ಮತ್ತೆ ಬರುತ್ತೇನೆ. ಏಪ್ರಿಲ್ ಒಳಗೆ ಇಡೀ ವರ್ಷದ್ದನ್ನು ಒಂದೇ ಗಂಟಿನಲ್ಲಿ ಕಟ್ಟಿದವರಿಗೆ ಅದು. ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ, ವರ್ಷಕ್ಕೆ ಶೇ 24. ಏಪ್ರಿಲ್‌ನಲ್ಲಿ ಕೈಯಲ್ಲಿ ದುಡ್ಡಿರುವುದು ಯಾರಿಗೆ? ಸಂಬಳದವರಿಗೆ, ಅಂಗಡಿಯವರಿಗೆ. ಮಕ್ಕಳ ಶಾಲೆಯ ಶುಲ್ಕಕ್ಕೇ ತಡಕಾಡುವ ಗಾರೆ ಕೆಲಸದವನಿಗೆ ಇಲ್ಲ. ಹೀಗೆ ಇದ್ದವನಿಗೆ ರಿಯಾಯಿತಿ, ಇಲ್ಲದವನಿಗೆ ಫೈನಾನ್ಸ್ ಕಂಪನಿಯ ಬಡ್ಡಿ. ತಿಂಗಳಿಗಿಷ್ಟು ಎಂದು ಮೊಬೈಲಿನಲ್ಲಿ ಕಟ್ಟಲು ಬಿಟ್ಟು, ತಪ್ಪದೆ ಕಟ್ಟಿದವರಿಗೂ ಅದೇ ರಿಯಾಯಿತಿ ಕೊಡಬಹುದು. ಆ ಪಿಂಚಣಿಯ ಅಜ್ಜಿಗೂ ಇದು ಹಗುರ. ಪುರಸಭೆಗೂ ವರ್ಷಪೂರ್ತಿ ಹಣ ಹರಿಯುತ್ತದೆ, ಮೋಟಾರ್ ರಿಪೇರಿ ಎರಡು ತಿಂಗಳು ಕಾಯಬೇಕಾಗಿಲ್ಲ.

ಕಸದ ಶುಲ್ಕದ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಮನೆಯ ವಿಸ್ತೀರ್ಣ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ಹಾಕಿ, ಆಸ್ತಿ ತೆರಿಗೆಯ ಜೊತೆಯಲ್ಲೇ ವಸೂಲಿಗೆ ಇಳಿದರು. ನಾಳೆ ನಮ್ಮಲ್ಲೂ ಏರಿಸಬಹುದು. ಒಂದು ಸೇವೆಗೆಂದೇ ಶುಲ್ಕ ಎತ್ತಿ ಅದಕ್ಕೇ ಖರ್ಚು ಮಾಡುವುದನ್ನು ನಾನು ಒಪ್ಪುತ್ತೇನೆ. ಆದರೆ ಪ್ರತ್ಯೇಕ ಲೆಕ್ಕ ಇಡದೆ ಸಾಮಾನ್ಯ ನಿಧಿಗೆ ಸುರಿದರೆ ಅದು ಹೆಸರು ಬದಲಿಸಿಕೊಂಡ ಕಂದಾಯವೇ. ಹಸಿ ಕಸವನ್ನು ಹಿತ್ತಲಲ್ಲೇ ಗೊಬ್ಬರ ಮಾಡುವವರಿಗೂ, ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲವನ್ನೂ ಕಟ್ಟಿ ಮೂಲೆಗೆ ಎಸೆಯುವವರಿಗೂ ಒಂದೇ ದರವಾದರೆ ಮನೆಯಲ್ಲಿ ಕಸ ಬೇರ್ಪಡಿಸುವವರು ಯಾರು?

ಎಷ್ಟೇ ವಸೂಲಿ ಮಾಡಿದರೂ ಎಲ್ಲದಕ್ಕೂ ಸಾಲುವುದಿಲ್ಲ. ಕೆಲವನ್ನು ಬಿಡಲೇಬೇಕು. ನನ್ನನ್ನು ಕೇಳಿದರೆ ಮೊದಲು ಬಿಡಬೇಕಾದದ್ದು ಸ್ವಾಗತ ಕಮಾನು, ವೃತ್ತದ ಕಾರಂಜಿ, ಚೆನ್ನಾಗಿರುವ ಇಂಟರ್‌ಲಾಕ್ ಕಿತ್ತು ಮತ್ತೆ ಹಾಕುವುದು. ಎಂದೂ ಕೈ ಹಾಕಬಾರದ್ದು ಪೌರಕಾರ್ಮಿಕರ ಕೂಲಿಗೆ. ಏಳುನೂರು ಜನಕ್ಕೆ ಒಬ್ಬರಂತೆ ಲೆಕ್ಕ ಹಾಕಿ, ಗುತ್ತಿಗೆದಾರನನ್ನು ನಡುವಿನಿಂದ ತೆಗೆದು ನೇರ ಪಾವತಿ ತಂದದ್ದು, 2022ರಲ್ಲಿ ಅವರು ಮುಷ್ಕರ ಹೂಡಿದ ಮೇಲೆ 11,133 ಮಂದಿಯನ್ನು ಖಾಯಂ ಮಾಡಲು ಸರ್ಕಾರ ಒಪ್ಪಿದ್ದು ಸುಮ್ಮನೆ ಆದದ್ದಲ್ಲ. ಊರಿನ ಖರ್ಚು ಉಳಿಸುವ ಮಾತು ಬಂದಾಗಲೆಲ್ಲ ಮೊದಲು ಕಣ್ಣು ಬೀಳುವುದು ಅವರ ಮೇಲೆಯೇ, ಅದು ನಮ್ಮ ಹಳೆಯ ರೋಗ.

ಕೊನೆಯಲ್ಲಿ ಒಬ್ಬರು ಕೇಳಿದರು: “ಇಷ್ಟೆಲ್ಲ ಹೇಳಿದಿರಿ ಸಾರ್, ನಾವು ಮಾಡುವುದೇನು? ಬಜೆಟ್ ಪೂರ್ವಭಾವಿ ಸಭೆಗೆ ಹೋದರೆ ಮೈಕ್ ಸಿಗುವುದು ಮಾಜಿ ಸದಸ್ಯರಿಗೆ ಮಾತ್ರ.”

ನಿಜ. ಆ ಸಭೆಯಲ್ಲಿ ಉದ್ದದ ಭಾಷಣ ಬೇಡ, ಮೈಕೂ ಬೇಡ. ನಾಲ್ಕೈದು ಮಂದಿ ಸಹಿ ಮಾಡಿದ ಒಂದು ಪತ್ರವನ್ನು ಸಭೆಗೆ ಹದಿನೈದು ದಿನ ಮೊದಲು ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಮೂರೇ ಕೇಳಿ. ಕಳೆದ ವರ್ಷ ನೀರು ಪೂರೈಕೆಗೆ ಆದ ಒಟ್ಟು ಖರ್ಚು ಎಷ್ಟು, ನೀರಿನ ಕರದಿಂದ ಬಂದದ್ದು ಎಷ್ಟು, ಎರಡರ ನಡುವಿನ ಕೊರತೆ ತುಂಬಿದ್ದು ಯಾವ ದುಡ್ಡಿನಿಂದ? ವಿದ್ಯುತ್ ಸಂಪರ್ಕ ಇರುವ ಕಟ್ಟಡಗಳು ಎಷ್ಟು, ಕಂದಾಯದ ಬೇಡಿಕೆ ಪಟ್ಟಿಯಲ್ಲಿ ಇರುವುದು ಎಷ್ಟು? ಈ ವರ್ಷ ಹೊಸದಾಗಿ ಕಟ್ಟಲಿರುವ ಪ್ರತಿಯೊಂದನ್ನೂ ಮುಂದಿನ ಐದು ವರ್ಷ ನಡೆಸುವ ಖರ್ಚು ಎಷ್ಟು, ಅದನ್ನು ಬಜೆಟ್‌ನ ಯಾವ ಪುಟದಲ್ಲಿ ತೋರಿಸಿದ್ದೀರಿ? ಉತ್ತರ ಬಾರದಿದ್ದರೆ ಅದೇ ಪತ್ರವನ್ನು ಮಾಹಿತಿ ಹಕ್ಕಿನ ಅರ್ಜಿಯಾಗಿ ಬರೆದು ಹತ್ತು ರೂಪಾಯಿ ಶುಲ್ಕದೊಂದಿಗೆ ಕೊಡಿ. ಎರಡನೆಯ ಪ್ರಶ್ನೆಗೆ ಉತ್ತರ ತಡವಾಗಿಯೇ ಬರುತ್ತದೆ, ಏಕೆಂದರೆ ಆ ಎರಡು ಪಟ್ಟಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವ ಕೆಲಸಕ್ಕೆ ಯಾರೂ ಕೈ ಹಾಕಿರುವುದಿಲ್ಲ. ಅರ್ಜಿ ಕೊಟ್ಟ ಮೇಲಾದರೂ ಇಟ್ಟು ನೋಡುತ್ತಾರೆ.